ಯಾವ ಕೈಯಲ್ಲಿ ಪುಟ ತಿರುವಲಿ?

ಯಂತ್ರ ಕೊಂಡಾಗ ಡಬ್ಬಿಯ ತಳದಲ್ಲಿ ಒಂದು ಪುಸ್ತಿಕೆ ಇರುತ್ತದಲ್ಲ, ನೀವು ಅದನ್ನು ಎತ್ತಿ ಯಾವುದೋ ಡ್ರಾಯರಿನೊಳಗೆ ಎಸೆಯುತ್ತೀರಲ್ಲ, ಅದನ್ನು ಬರೆಯುವವನು ನಾನು. ಹತ್ತೊಂಬತ್ತು ವರ್ಷದಿಂದ ಇದೇ ಕಸುಬು. 'ಅದನ್ನೆಲ್ಲ ಯಾರು ಓದುತ್ತಾರೆ' ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಓದದೆ ಯಂತ್ರ ಕೆಡಿಸಿಕೊಂಡು ಫೋನು ಮಾಡುವವರನ್ನು ಕಂಡರಂತೂ ಆಗುತ್ತಲೇ ಇರಲಿಲ್ಲ. ಹದಿನಾಲ್ಕನೇ ಪುಟದಲ್ಲಿ ಬರೆದಿದೆಯಲ್ಲ ಸ್ವಾಮಿ, ಕಣ್ಣು ಕಾಣುವುದಿಲ್ಲವೇ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಬೈದದ್ದೂ ಉಂಟು. ಎರಡು ಸಲ ಹಾಗಾದ ಮೇಲೆ ಕಚೇರಿಯವರು ನನ್ನ ಮೇಜಿನಿಂದ ಫೋನನ್ನೇ ತೆಗೆದುಬಿಟ್ಟರು.

ನಮ್ಮ ಕಂಪನಿ ಮನೆಯಲ್ಲಿಟ್ಟುಕೊಳ್ಳುವ ಆಮ್ಲಜನಕದ ಯಂತ್ರ ತಯಾರಿಸುತ್ತದೆ. ಮೊಣಕಾಲೆತ್ತರದ ಒಂದು ಪೆಟ್ಟಿಗೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿರುವ ಆಮ್ಲಜನಕವನ್ನು ಬೇರೆ ಮಾಡಿ, ಸಣ್ಣ ಕೊಳವೆಯಲ್ಲಿ ರೋಗಿಯ ಮೂಗಿಗೆ ಕೊಡುತ್ತದೆ. ಕರೆಂಟು ಹೋದರೆ ಅದು ನಿಲ್ಲುತ್ತದೆ. ಆಗ ಪಕ್ಕದಲ್ಲಿಟ್ಟ ಸಿಲಿಂಡರಿಗೆ ಕೊಳವೆ ಬದಲಾಯಿಸಬೇಕು. ಈ ಯಂತ್ರದ ಪುಸ್ತಿಕೆಯೇ ನಾನು ಬರೆದದ್ದರಲ್ಲೆಲ್ಲ ಶ್ರೇಷ್ಠ ಎಂದು ತಿಳಿದಿದ್ದೆ. ಒಂದು ವಾಕ್ಯ ಹೇಳುತ್ತೇನೆ, ಕೇಳಿ: 'ಸಿಲಿಂಡರಿನ ಕವಾಟವನ್ನು ತೆರೆಯುವ ಕಾರ್ಯವನ್ನು ಕೈಗೊಳ್ಳುವುದಕ್ಕೆ ಪೂರ್ವಭಾವಿಯಾಗಿ ಪ್ರವಾಹ ನಿಯಂತ್ರಕವು ಶೂನ್ಯ ಸ್ಥಾನದಲ್ಲಿ ಇರಿಸಲ್ಪಟ್ಟಿರುವುದನ್ನು ಬಳಕೆದಾರರು ಖಚಿತಪಡಿಸಿಕೊಳ್ಳತಕ್ಕದ್ದು.' ಇದನ್ನು ಬರೆದ ದಿನ ಎದ್ದು ಹೋಗಿ ಒಂದು ಲೋಟ ಚಹಾ ಕುಡಿದು, ವಾಪಸು ಬಂದು ಮತ್ತೊಮ್ಮೆ ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹೀಗಿರುವಾಗ ಭಾವನ ಶ್ವಾಸಕೋಶ ಕೈಕೊಟ್ಟಿತು. ಭಾವ ಎಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಮರ ಕೊಯ್ಯುವ ಕಾರ್ಖಾನೆಯಲ್ಲಿ ಹೊಟ್ಟಿನ ಧೂಳು ಕುಡಿದವರು. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ಇನ್ನು ಜೀವ ಇರುವತನಕ ಮೂಗಿಗೆ ಕೊಳವೆ ಬೇಕು, ಆದರೆ ಮನೆಯಲ್ಲಿ ಯಂತ್ರ ನಡೆಸುವವರಿದ್ದರೆ ಮನೆಗೆ ಹೋಗಬಹುದು. ಆಸ್ಪತ್ರೆಯವರು ತಂದಿಟ್ಟ ಪೆಟ್ಟಿಗೆ ನಮ್ಮ ಕಂಪನಿಯದ್ದೇ. ಅದರ ನೀಲಿ ಮುಚ್ಚಳ ಕಂಡು ನನಗೆ ನಮ್ಮ ಮನೆಯವರನ್ನೇ ಕಂಡಷ್ಟು ಹೆಮ್ಮೆಯಾಯಿತು.

ಮನೆಯಲ್ಲಿ ಇರುವವಳು ಅಕ್ಕ ಒಬ್ಬಳೇ. ಅವರಿಗೆ ಮಕ್ಕಳಿಲ್ಲ. ನಾನು ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಿ ಬರಬೇಕು. ಅಕ್ಕ ದರ್ಜಿ. ಎರಡನೇ ಮಹಡಿಯ ಸಣ್ಣ ಮನೆ, ಕಿಟಕಿಗೆ ಒತ್ತಿಕೊಂಡಂತೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಅವಳು ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟವಳು.

ಆ ವಾರ್ಡಿನ ಹಿರಿಯ ದಾದಿಯದ್ದೊಂದು ನಿಯಮವಿತ್ತು. ಯಾರು ಮನೆಯಲ್ಲಿ ನೋಡಿಕೊಳ್ಳುತ್ತಾರೋ ಅವರು ಪುಸ್ತಿಕೆಯೊಂದನ್ನೇ ನೋಡಿಕೊಂಡು ಆಕೆಯ ಮುಂದೆ ಯಂತ್ರ ಹೂಡಿ ತೋರಿಸಬೇಕು. ಆಮೇಲೆ ಆಕೆ ಸ್ವಿಚ್ಚು ಆರಿಸುತ್ತಾಳೆ. ಕರೆಂಟು ಹೋಯಿತು ಎಂದು ಲೆಕ್ಕ. ಮೂರು ನಿಮಿಷದೊಳಗೆ ಸಿಲಿಂಡರಿಗೆ ಬದಲಾಯಿಸಬೇಕು. ಕೊಳವೆಯ ತುದಿ ರೋಗಿಯ ಮೂಗಿನಲ್ಲಲ್ಲ, ಒಂದು ಲೋಟ ನೀರಿನಲ್ಲಿ ಇರುತ್ತದೆ. ಹಿತವಾಗಿ ಗುಳ್ಳೆ ಬಂದರೆ ಪಾಸು. ಪಕ್ಕದಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಎರಡು ಅವಕಾಶ, ನಡುವೆ ಒಂದು ವಾರ. ಎರಡರಲ್ಲೂ ಆಗದಿದ್ದರೆ ರೋಗಿ ಊರಾಚೆಯ ಆರೈಕೆ ಕೇಂದ್ರಕ್ಕೆ. ಅಲ್ಲಿ ನಲವತ್ತು ಮಂಚಗಳ ಒಂದು ಹಜಾರ, ನೋಡಲು ಬಿಡುವುದು ಭಾನುವಾರ ಮಾತ್ರ.

ಭಾವನಿಗೆ ಆ ಹಜಾರದ ಮಾತೆತ್ತಿದರೆ ಸಾಕು, ಮುಖ ಗೋಡೆಯ ಕಡೆಗೆ ತಿರುಗುತ್ತಿತ್ತು. ಅಕ್ಕ ಅವರ ಕಾಲು ಒತ್ತುತ್ತಾ, ನಿಮ್ಮನ್ನು ಅಲ್ಲಿಗೆ ಕಳಿಸಿ ನಾನು ಮನೆಯಲ್ಲಿ ಯಾರ ಅಂಗಿ ಹೊಲಿಯುತ್ತಾ ಕೂರಲಿ ಎಂದಳು. ನಾನು ಧೈರ್ಯ ಹೇಳಿದೆ. ಪುಸ್ತಿಕೆ ಬರೆದವನೇ ನಾನು, ಅದರಲ್ಲಿ ಎಲ್ಲವೂ ಇದೆ, ಓದಿದರೆ ಆಯಿತು ಎಂದೆ. ಭಾವ ಪುಸ್ತಿಕೆ ಇಸಿದುಕೊಂಡು ಒಂದು ವಾಕ್ಯವನ್ನು ಜೋರಾಗಿ ಓದಲು ಹೊರಟರು. 'ಪೂರ್ವಭಾವಿಯಾಗಿ' ಎನ್ನುವಷ್ಟರಲ್ಲಿ ಉಸಿರು ಮುಗಿಯಿತು. ಸುಧಾರಿಸಿಕೊಂಡು, ನಕ್ಕು, ನಿನ್ನ ವಾಕ್ಯಕ್ಕೆ ನನ್ನ ಉಸಿರು ಸಾಲುವುದಿಲ್ಲ ಮಾರಾಯ ಎಂದರು. ನನಗೆ ಒಳಗೊಳಗೇ ಸಿಟ್ಟು ಬಂತು. ರೋಗಿ ಎಂದು ಸುಮ್ಮನಾದೆ.

ಮೊದಲ ಪರೀಕ್ಷೆಯ ದಿನ ನನ್ನನ್ನು ಗೋಡೆಗೆ ಒರಗಿ ನಿಲ್ಲಲು ಹೇಳಿದರು. ಅಕ್ಕ ಕನ್ನಡಕ ಒರೆಸಿಕೊಂಡು ಪುಸ್ತಿಕೆಯನ್ನು ಮಂಚದ ಮೇಲಿಟ್ಟಳು. ಅದು ತಾನಾಗಿಯೇ ಮುಚ್ಚಿಕೊಂಡಿತು. ಮತ್ತೆ ತೆರೆದು ಮೇಲೆ ಕತ್ತರಿ ಇಟ್ಟಳು. ನೀರಿನ ಬಾಟಲಿಯನ್ನು ಗೆರೆಯವರೆಗೆ ತುಂಬಿಸಿ ಯಂತ್ರವನ್ನೇನೋ ಹೂಡಿದಳು. ನಿಧಾನವಾದರೂ ಸರಿಯಾಗಿಯೇ ಮಾಡಿದಳು. ದಾದಿ ಸ್ವಿಚ್ಚು ಆರಿಸಿ ಗಡಿಯಾರ ನೋಡಿದಳು.

ಅಕ್ಕ ಹದಿಮೂರನೇ ಪುಟ ತೆರೆದು, ಕೊಳವೆಯನ್ನು ಸಿಲಿಂಡರಿಗೆ ಸಿಕ್ಕಿಸಿದಳು. ಎಡಗೈಯಲ್ಲಿ ಸಿಲಿಂಡರನ್ನು ಅಪ್ಪಿ ಹಿಡಿದಳು, ಬಲಗೈಯಲ್ಲಿ ಸ್ಪ್ಯಾನರು. ಪುಟದ ಕೊನೆಯ ಸಾಲು ಹೇಳುತ್ತಿತ್ತು: 'ಕವಾಟವನ್ನು ಅಪ್ರದಕ್ಷಿಣವಾಗಿ ತಿರುಗಿಸತಕ್ಕದ್ದು.' ಅವಳು ತುಟಿ ಅಲ್ಲಾಡಿಸಿ ಎರಡು ಸಲ ಓದಿ, ಕವಾಟ ತಿರುಗಿಸಿದಳು. ಹಾಳೆಯ ಹಿಂಬದಿಗೆ, ಹದಿನಾಲ್ಕನೇ ಪುಟದ ತಲೆಯಲ್ಲಿ ನನ್ನ ಆ ಹೆಮ್ಮೆಯ ವಾಕ್ಯ ಕೂತಿತ್ತು. ತೆರೆಯುವುದಕ್ಕೆ ಮೊದಲು, ಹರಿವು ಹೆಚ್ಚುಕಡಿಮೆ ಮಾಡುವ ನಾಬ್ ಸೊನ್ನೆಯಲ್ಲಿರಬೇಕು ಎಂದು ಹೇಳುವ ವಾಕ್ಯ. ಹಿಂದೆ ಬಳಸಿದವರು ನಾಬನ್ನು ತುದಿಯವರೆಗೆ ತಿರುಗಿಸಿಟ್ಟಿದ್ದರು. ಬುಸ್ಸೆಂದು ಗಾಳಿ ನುಗ್ಗಿ ಲೋಟದ ನೀರೆಲ್ಲ ಅಕ್ಕನ ಸೆರಗಿನ ಮೇಲೆ ಹಾರಿತು. ಅವಳು ಬೆಚ್ಚಿ ಸ್ಪ್ಯಾನರು ಬಿಟ್ಟಳು. ಅದು ಕಾಲಿನ ಪಕ್ಕದಲ್ಲೇ ಬಿತ್ತು.

ದಾದಿ ಬಂದು ಸಿಲಿಂಡರು ಮುಚ್ಚಿದಳು. ಲೋಟದ ಬದಲು ಮೂಗಿದ್ದಿದ್ದರೆ ಏನಾಗುತ್ತಿತ್ತು ಎಂದು ಮೆತ್ತಗೆ ಕೇಳಿದಳು. ಅಕ್ಕ ಸೆರಗು ಹಿಂಡಿಕೊಳ್ಳುತ್ತಾ ತಲೆ ತಗ್ಗಿಸಿದಳು.

"ನನ್ನ ತಲೆಗೇ ಹತ್ತಲ್ಲ ಸಿಸ್ಟರ್. ಪುಸ್ತಕದಲ್ಲಿ ಎಲ್ಲ ಸರಿಯಾಗೇ ಇರುತ್ತೆ. ಓದು ಬರದವಳು ನಾನು."

"ಬರೆದ ಪುಣ್ಯಾತ್ಮ ಒಂದು ದಿನವಾದ್ರೂ ಈ ಸ್ಪ್ಯಾನರ್ ಹಿಡಿದಿದ್ನಾ ಅಂತ ನನಗೆ ಅನುಮಾನ" ಎಂದಳು ದಾದಿ.

ಅಕ್ಕ ನನ್ನ ಕಡೆ ನೋಡಲಿಲ್ಲ. ಬರೆದವನು ಇವನೇ ಎಂದು ಬೆರಳು ತೋರಿಸಲಿಲ್ಲ. ನನ್ನ ಮರ್ಯಾದೆಯನ್ನು ಒದ್ದೆ ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದಳು. ನಾನು ಮಾಡಿದ್ದೇನು ಗೊತ್ತೆ? ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳ ಮೇಲೇ ರೇಗಿದೆ. ಪುಟ ತಿರುವಿದ್ದರೆ ಸಾಕಿತ್ತು, ಮುಂದಿನ ಪುಟದಲ್ಲೇ ಇತ್ತು, ಒಂದು ಪುಟ ತಿರುವಲು ನಿನಗೇನು ಧಾಡಿ ಎಂದು ಕೂಗಾಡಿದೆ. ಹೋಗಿಬರುವವರು ನಿಂತು ನೋಡಿದರು. ಅಕ್ಕ ನಾನು ಮುಗಿಸುವವರೆಗೂ ಕಾದಳು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿದಳು. ಎಡಗೈ ಸಿಲಿಂಡರನ್ನು ಅಪ್ಪಿದಂತೆ, ಬಲಗೈ ಸ್ಪ್ಯಾನರು ಹಿಡಿದಂತೆ.

"ಯಾವ ಕೈಯಲ್ಲಿ ತಿರುವಲೋ?"

ಹತ್ತೊಂಬತ್ತು ವರ್ಷ ಪುಸ್ತಿಕೆ ಬರೆದವನು ನಾನು, ಓದುವವರಿಗೆ ಕೈಗಳು ಎರಡೇ ಎಂಬುದನ್ನು ಒಂದು ದಿನವೂ ಎಣಿಸಿರಲಿಲ್ಲ. ನಾಚಿಕೆಯಿಂದ ಬಸ್ಸಿನಲ್ಲಿ ಅವಳ ಪಕ್ಕ ಕೂರಲೂ ಆಗದೆ ಹಿಂದೆ ಹೋಗಿ ನಿಂತೆ. ಇಳಿಯುವಾಗ ಅವಳೇ ಕರೆದು, ಮಧ್ಯಾಹ್ನ ಏನೂ ತಿಂದಿಲ್ಲ ನೀನು, ಮನೆಗೆ ಬಾ ಎಂದಳು.

ಊಟ ಮಾಡಿ ಕೂತಾಗ ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಟಕಟಕ ಶುರುವಾಯಿತು. ಆ ಸದ್ದಿಗೆ ನನಗೆ ಹಳೆಯದೊಂದು ನೆನಪಾಯಿತು. ಅಮ್ಮ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು. ಅವಳು ಹೊಲಿಯುತ್ತಿದ್ದಳು, ನಾನು ಎದುರಿಗೆ ನೆಲದ ಮೇಲೆ ಕೂತು ಪಾಠ ಓದಿ ಅವಳಿಗೆ ಅರ್ಥ ಹೇಳಬೇಕಿತ್ತು. ಅವಳಿಗೆ ತಿಳಿದರೆ ಯಂತ್ರ ನಡೆಯುತ್ತಿತ್ತು. ತಿಳಿಯದಿದ್ದರೆ ಕಾಲು ನಿಲ್ಲುತ್ತಿತ್ತು. ಬೈಯುತ್ತಿರಲಿಲ್ಲ, ಗೊತ್ತಾಗಲಿಲ್ಲ ಎಂದೂ ಹೇಳುತ್ತಿರಲಿಲ್ಲ. ಸದ್ದು ನಿಂತರೆ ಮತ್ತೆ ಹೇಳು ಎಂದು ಅರ್ಥ. ನಾನು ಬೇರೆ ಮಾತಿನಲ್ಲಿ ಹೇಳುತ್ತಿದ್ದೆ, ಇನ್ನೂ ಸಣ್ಣದಾಗಿ ಹೇಳುತ್ತಿದ್ದೆ, ಟಕಟಕ ಮತ್ತೆ ಶುರುವಾಗುವವರೆಗೆ. ಶಾಲೆಯಲ್ಲಿ ಮೇಷ್ಟ್ರು ಇವನಿಗೆ ಬಿಡಿಸಿ ಹೇಳುವುದು ಚೆನ್ನಾಗಿ ಬರುತ್ತದೆ ಎಂದು ಹೊಗಳಿದ್ದು, ಅದೇ ಗುಣದಿಂದ ನನಗೆ ಈ ಕೆಲಸ ಸಿಕ್ಕಿದ್ದು. ಕೆಲಸ ಸಿಕ್ಕಿದ ಮೇಲೆ ದೊಡ್ಡ ದೊಡ್ಡ ಮಾತು ಕಲಿತು ಇದನ್ನು ಮರೆತಿದ್ದೆ.

ಚೀಲದಿಂದ ಪುಸ್ತಿಕೆ ತೆಗೆದೆ. ಓದುತ್ತೀನಿ, ನೀನು ಹೊಲಿ ಎಂದೆ. ಅಕ್ಕ ನನ್ನನ್ನೊಮ್ಮೆ ನೋಡಿದಳು. ಅವಳಿಗೂ ನೆನಪಾಗಿತ್ತು.

"ಸರಿ ಪಂಡಿತ, ಓದು."

ಮೊದಲನೇ ಪುಟದಲ್ಲೇ ಯಂತ್ರ ಒಂಬತ್ತು ಸಲ ನಿಂತಿತು. ಎಣಿಸಿದ್ದೇನೆ. ಮುಂದಿನ ಪುಟಗಳಲ್ಲಿ 'ಪ್ರವಾಹ ನಿಯಂತ್ರಕ'ಕ್ಕೆ ನಿಂತಿತು. ಕಪ್ಪು ನಾಬ್ ಎಂದೆ, ನಡೆಯಿತು. 'ಅಪ್ರದಕ್ಷಿಣವಾಗಿ' ಎಂದಾಗ ನಿಂತಿತು. ನಿನ್ನ ಎಡಗೈ ಕಡೆಗೆ ಎಂದೆ, ನಡೆಯಿತು. 'ಬಳಕೆದಾರರು ಖಚಿತಪಡಿಸಿಕೊಳ್ಳತಕ್ಕದ್ದು' ಎಂದಾಗ ನಿಂತದ್ದು ಎಷ್ಟು ಹೊತ್ತಾದರೂ ಹೊರಡಲೇ ಇಲ್ಲ. ಯಾರಪ್ಪಾ ಅವರು ಬಳಕೆದಾರರು ಎಂದು ಕೇಳಿದಳು. ನೀನೇ ಎಂದೆ. ಹಾಗಾದರೆ ನನ್ನ ಜೊತೆ ಮಾತಾಡು, ನನ್ನ ಬೆನ್ನ ಹಿಂದೆ ಯಾಕೆ ಮಾತಾಡುತ್ತೀ ಎಂದಳು. ಎರಡು ಸಲ ಸಿಟ್ಟಿನಿಂದ ಪೆನ್ನು ಎಸೆದೆ. ಎರಡು ಸಲವೂ ಅವಳೇ ಹೆಕ್ಕಿ ಕೊಟ್ಟಳು.

ಆ ವಾರವೆಲ್ಲ ಸಂಜೆ ಸಂಜೆ ಹೋದೆ. ಅಕ್ಕನ ಕೈಕೆಳಗೆ ಬೀದಿಯ ಇಬ್ಬರು ಹೆಂಗಸರು ಹೊಲಿಗೆ ಒಯ್ಯುತ್ತಾರೆ. ಅವರಿಗೆ ಕೊಡುವ ಪ್ರತಿ ತುಂಡು ಬಟ್ಟೆಗೂ ಅವಳು ಒಂದು ಚೀಟಿ ಚುಚ್ಚುತ್ತಾಳೆ. ತೋಳಿನ ಮಾತು ತೋಳಿನ ತುಂಡಿನ ಮೇಲೆ, ಕಾಲರಿನ ಮಾತು ಕಾಲರಿನ ಮೇಲೆ. ಯಾಕೆ ಹೀಗೆ, ಒಂದೇ ಹಾಳೆಯಲ್ಲಿ ಬರೆಯಬಾರದೇ ಎಂದು ಕೇಳಿದೆ. ಸೂಜಿ ಕೆಳಗೆ ಬಟ್ಟೆ ಇಟ್ಟುಕೊಂಡವಳು ಎದ್ದು ಹೋಗಿ ಹಾಳೆ ಹುಡುಕುತ್ತಾಳೇನೋ ಎಂದಳು. ಮೊದಲು ಮಾಡಬೇಕಾದ್ದನ್ನು ಮೇಲೆ ಬರೆಯಬೇಕು, ಯಾಕೆಂದರೆ ಓದುತ್ತಾ ಓದುತ್ತಾ ಕೈ ಓಡುತ್ತಿರುತ್ತದೆ, ಕತ್ತರಿಸಿದ ಮೇಲೆ 'ಕತ್ತರಿಸುವ ಮುಂಚೆ' ಎಂದು ಬರೆದರೆ ಬಟ್ಟೆ ವಾಪಸು ಬರುತ್ತದೆಯೇ ಎಂದಳು. ನಾನು ಸುಮ್ಮನೆ ಬರೆದುಕೊಂಡೆ. ನನ್ನ ಕಸುಬಿನ ಪಾಠವನ್ನು ಹತ್ತೊಂಬತ್ತು ವರ್ಷ ತಡವಾಗಿ, ದರ್ಜಿಯೊಬ್ಬಳ ಮನೆಯ ನೆಲದ ಮೇಲೆ ಕೂತು ಕಲಿತೆ. ಅದಕ್ಕೆ ನನಗೆ ಈಗ ನಾಚಿಕೆಯಿಲ್ಲ, ಸಂತೋಷವೇ ಇದೆ.

ಹಾಗೆ ಹೊಸ ಪುಸ್ತಿಕೆ ಹುಟ್ಟಿತು. ಯಾವ ವಾಕ್ಯವೂ ಭಾವನ ಒಂದು ಉಸಿರಿಗಿಂತ ಉದ್ದವಿಲ್ಲ. ಆಸ್ಪತ್ರೆಗೆ ಹೋಗಿ ಅವರಿಂದಲೇ ಒಂದೊಂದನ್ನೂ ಓದಿಸಿ ನೋಡಿದೆ. ಪುಟ ತಾನಾಗಿ ಮುಚ್ಚಿಕೊಳ್ಳದಂತೆ ಮೇಲ್ಗಡೆ ಸುರುಳಿ ತಂತಿ ಹಾಕಿಸಿ, ಮೊಳೆಗೆ ನೇತುಹಾಕುವಂತೆ ಮಾಡಿದೆ. ಪ್ರತಿ ಪುಟವೂ ಕೈ ಖಾಲಿಯಾಗುವ ಕಡೆಯಲ್ಲೇ ಮುಗಿಯುತ್ತದೆ. 'ಕಪ್ಪು ನಾಬ್ ಸೊನ್ನೆಗೆ ತಿರುಗಿಸಿ. ಪುಟ ತಿರುವಿ. ಈಗ ಸ್ಪ್ಯಾನರ್ ಎತ್ತಿಕೊಳ್ಳಿ.'

ಕೊನೆಯ ಪುಟಕ್ಕೆ ಬಂದಾಗ ಅಕ್ಕ ಒಂದು ಮಾತು ಹೇಳಿದಳು. ನನ್ನ ಹಳೇ ಪುಸ್ತಿಕೆಯಲ್ಲಿ ಕೆಲಸ ಎಲ್ಲಿಗೆ ಮುಗಿಯಿತು ಎಂದು ಗೊತ್ತೇ ಆಗುವುದಿಲ್ಲವಂತೆ. ಸಿಲಿಂಡರಿನ ಮಾತು ಮುಗಿದು ನೇರ ಗ್ಯಾರಂಟಿಯ ಮಾತು ಶುರು. ಎಲ್ಲ ಮಾಡಿಯಾದ ಮೇಲೂ ಇನ್ನೇನು ಬಿಟ್ಟೆನೋ ಎಂದು ಎದೆ ಹೊಡೆದುಕೊಳ್ಳುತ್ತಾ ನಿಂತೇ ಇರಬೇಕು ಎಂದಳು. ಆ ಸಂಜೆ ಬಸ್ಸಿನಲ್ಲಿ ಕೂತು ಕೊನೆಯ ಸಾಲು ಬರೆದೆ: 'ಆಯಿತು. ಇನ್ನೇನೂ ಮಾಡಬೇಕಿಲ್ಲ. ಕುಳಿತುಕೊಳ್ಳಿ.'

ಇದಕ್ಕೆ ನಮ್ಮ ಸಾಹೇಬರ ಸಹಿ ಬೇಕಿತ್ತು. ಕಂಪನಿಯ ಮುದ್ರೆಯಿಲ್ಲದ ಪುಸ್ತಿಕೆಯನ್ನು ದಾದಿ ಒಪ್ಪುವುದಿಲ್ಲ. ಸಾಹೇಬರು ಹಾಳೆ ಮಗುಚಿ ನೋಡಿ, ಇದೇನು ಒಂದನೇ ತರಗತಿಯ ಪುಸ್ತಕವೇ, ಕಂಪನಿಯ ಘನತೆ ಏನಾಗಬೇಕು ಎಂದರು. ವಾದ ಮಾಡಿದರೆ ನನ್ನ ಬಾಯಿ ಹರಿಯುತ್ತದೆ, ಕೆಲಸ ಕೆಡುತ್ತದೆ. ಹಾಗಾಗಿ ಅವರನ್ನು ಕಂಪನಿಯಲ್ಲಿ ಯಂತ್ರ ಪರೀಕ್ಷಿಸುವ ಕೋಣೆಗೆ ಕರೆದುಕೊಂಡು ಹೋದೆ. ಹಳೇ ಪುಸ್ತಿಕೆ ನೋಡಿಕೊಂಡು ಸಿಲಿಂಡರು ತೆರೆಯಿರಿ ಸಾರ್ ಎಂದೆ. ಅವರು ಸಿಲಿಂಡರು ಅಪ್ಪಿ, ಸ್ಪ್ಯಾನರು ಹಿಡಿದು, ಹದಿಮೂರನೇ ಪುಟದ ಕೊನೆಗೆ ಬಂದು ನಿಂತರು. ಮುಂದಿನ ಪುಟ ನೋಡಬೇಕು ಎಂದು ಅವರಿಗೆ ಗೊತ್ತು, ಪಾಪ. ಮೊದಲು ಮೊಣಕೈಯಲ್ಲಿ ಪ್ರಯತ್ನಿಸಿದರು. ಆಮೇಲೆ ಬಗ್ಗಿ ಗಲ್ಲದಿಂದ ತಳ್ಳಿದರು. ಪುಸ್ತಿಕೆ ಜಾರಿ ನೆಲಕ್ಕೆ ಬಿತ್ತು. ಆ ಭಂಗಿಯಲ್ಲೇ ನನ್ನ ಕಡೆ ನೋಡಿದರು.

ಸಹಿ ಹಾಕಿದರು. ದೊಡ್ಡ ಮನಸ್ಸು ಅವರದ್ದು, ಬೇರೆಯವರಾಗಿದ್ದರೆ ಅವಮಾನಕ್ಕೆ ನನ್ನನ್ನೇ ಎತ್ತಂಗಡಿ ಮಾಡುತ್ತಿದ್ದರು. ಒಂದೇ ತಕರಾರು: ಆ 'ಕುಳಿತುಕೊಳ್ಳಿ' ತೆಗಿ, ಅದು ಯಂತ್ರಕ್ಕೆ ಸಂಬಂಧಪಟ್ಟ ಮಾತಲ್ಲ ಎಂದರು. ತೆಗೆಯುವುದಿಲ್ಲ ಸಾರ್, ಯಂತ್ರ ನಡೆಸುವವರಿಗೆ ಸಂಬಂಧಪಟ್ಟದ್ದು ಎಂದೆ. ಹಾಳಾಗಿ ಹೋಗು ಎಂದು ಬಿಟ್ಟರು.

ಎರಡನೇ ಪರೀಕ್ಷೆಯ ದಿನ ನಾನು ಮತ್ತೆ ಗೋಡೆಗೆ ಒರಗಿ ನಿಂತೆ. ದಾದಿ ಸ್ವಿಚ್ಚು ಆರಿಸಿದಳು. ಅಕ್ಕ ಓದಿದಳು, ನಾಬ್ ಸೊನ್ನೆಗೆ ತಿರುಗಿಸಿದಳು, ಪುಟ ತಿರುವಿದಳು, ಸ್ಪ್ಯಾನರು ಎತ್ತಿಕೊಂಡು ಕವಾಟ ತೆರೆದಳು, ನಾಬನ್ನು ಮೆಲ್ಲಗೆ ಏರಿಸಿದಳು. ಲೋಟದ ನೀರಿನಲ್ಲಿ ಸಣ್ಣಗೆ ಗುಳ್ಳೆ ಎದ್ದವು. ಎರಡು ನಿಮಿಷವೂ ಆಗಿರಲಿಲ್ಲ. ಅಷ್ಟಾಗಿಯೂ ಅವಳು ದಾದಿಯ ಮುಂದೆ ನಿಂತೇ ಇದ್ದಳು, ದೊಡ್ಡವರ ಮುಂದೆ ಹೇಗೆ ಕೂರುವುದು ಎಂಬ ಸಂಕೋಚಕ್ಕೆ. ದಾದಿ ಪುಸ್ತಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಸಲ ಬರೆದವರು ಯಾರು ಎಂದು ಕೇಳಿದಳು. ನನ್ನ ತಮ್ಮ ಎಂದು ಅಕ್ಕ ಎದೆಯುಬ್ಬಿಸಿ ಹೇಳಿದಳು. ಹೋದ ಸಲ ಬರೆದವನೂ ಅವನೇ ಎಂದು ನಾನು ಸೇರಿಸಿದೆ. ದಾದಿ ನಕ್ಕಳು. ಆಕೆಯ ಆ ಕಟ್ಟುನಿಟ್ಟಿನ ನಿಯಮ ಇಲ್ಲದಿದ್ದರೆ ಅಕ್ಕನಿಗೆ ನೀರೆರಚಿದ ಆ ಸಿಲಿಂಡರು ಭಾವನ ಮೂಗಿಗೇ ಎರಗುತ್ತಿತ್ತು. ಈಗಲೂ ಆಕೆಯನ್ನು ನೆನೆದಾಗಲೆಲ್ಲ ಕೈ ಮುಗಿಯಬೇಕು ಎನಿಸುತ್ತದೆ.

ಭಾವ ಮನೆಗೆ ಬಂದರು. ಕಿಟಕಿಯ ಒಂದು ಬದಿಗೆ ಹೊಲಿಗೆ ಯಂತ್ರ, ಇನ್ನೊಂದು ಬದಿಗೆ ಮಂಚ, ನಡುವೆ ನೀಲಿ ಮುಚ್ಚಳದ ಪೆಟ್ಟಿಗೆ, ಗೋಡೆಯ ಮೊಳೆಗೆ ಪುಸ್ತಿಕೆ.

ಐದು ವಾರದ ಮೇಲೆ ಒಂದು ಮಧ್ಯಾಹ್ನ ಕಚೇರಿಯಲ್ಲಿ ಕರೆಂಟು ಹೋಯಿತು. ಕಿಟಕಿಯಿಂದ ನೋಡಿದರೆ ಬೀದಿಯ ಸಿಗ್ನಲ್ ದೀಪಗಳೂ ಆರಿದ್ದವು. ಇಡೀ ಊರಿಗೇ ಹೋಗಿದೆ ಎಂದರು ಯಾರೋ. ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಹೇಗೆ ಹೊರಬಿದ್ದೆನೋ, ಎರಡು ಬಸ್ಸುಗಳಲ್ಲಿ ಹೇಗೆ ಕೂತೆನೋ ನೆನಪಿಲ್ಲ. ದಾರಿಯುದ್ದಕ್ಕೂ ಪುಸ್ತಿಕೆಯ ಒಂದೊಂದು ಸಾಲನ್ನೂ ಮನಸ್ಸಿನಲ್ಲಿ ಓದಿಕೊಂಡೆ. ಎಲ್ಲಿ ಏನು ಬಿಟ್ಟಿದ್ದೇನೆ, ಯಾವ ಮಾತು ತಪ್ಪಿ ಬರೆದಿದ್ದೇನೆ ಎಂದು ಹುಡುಕಿದೆ.

ಅವಳ ಹೊಲಿಗೆ ಯಂತ್ರ ಕಾಲಿನದ್ದು, ಅದಕ್ಕೆ ಕರೆಂಟಿನ ಹಂಗಿಲ್ಲ. ಹಗಲು ಹೊತ್ತಿನಲ್ಲಿ ಆ ಮೆಟ್ಟಿಲು ಹತ್ತುವಾಗ ಟಕಟಕ ಕೇಳದೇ ಇದ್ದ ದಿನ ನಾನು ಕಂಡಿಲ್ಲ. ಮೊದಲ ಮಹಡಿಯಲ್ಲಿ ನಿಂತು ಕಿವಿಗೊಟ್ಟೆ. ಸದ್ದಿಲ್ಲ. ಸದ್ದು ನಿಂತರೆ ಏನೋ ತಿಳಿದಿಲ್ಲ ಎಂದೇ ಅರ್ಥ, ಎಂಟನೇ ವಯಸ್ಸಿನಿಂದ ನನಗೆ ಗೊತ್ತಿರುವುದು ಅದೊಂದೇ. ಕಟಕಟೆ ಹಿಡಿದುಕೊಂಡು ಉಳಿದ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ.

ಭಾವ ದಿಂಬಿಗೆ ಒರಗಿ ನಿದ್ದೆ ಹೋಗಿದ್ದರು. ಮೂಗಿನಲ್ಲಿ ಕೊಳವೆ. ಕೊಳವೆಯ ಇನ್ನೊಂದು ತುದಿ ಸಿಲಿಂಡರಿಗೆ. ಸಣ್ಣಗೆ, ಹಿತವಾಗಿ ಸದ್ದು ಬರುತ್ತಿತ್ತು. ಗೋಡೆಯ ಮೇಲೆ ಪುಸ್ತಿಕೆ ಕೊನೆಯ ಪುಟಕ್ಕೆ ತೆರೆದುಕೊಂಡಿತ್ತು. ಮಂಚದ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ, ಖಾಲಿ. ಸೂಜಿಯಿಲ್ಲ, ಸೌಟಿಲ್ಲ, ಯಾರದೋ ಅಂಗಿಯಿಲ್ಲ. ನನಗೆ ನೆನಪಿರುವಷ್ಟು ಕಾಲದಲ್ಲಿ ಅಕ್ಕ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಫೋನು ಯಾಕೆ ಎತ್ತಲಿಲ್ಲ, ಹೊಲಿಗೆ ಯಾಕೆ ನಿಂತಿದೆ, ನನ್ನ ಜೀವವೇ ಹಾರಿಹೋಯಿತು ಎಂದು ಏದುಸಿರು ಬಿಡುತ್ತಲೇ ರೇಗಿದೆ. ಅವಳು ಬೆರಳು ತುಟಿಗಿಟ್ಟು, ಮಲಗಿದ್ದಾರೆ ಎಂದು ಸನ್ನೆ ಮಾಡಿದಳು. ಆಮೇಲೆ ಗೋಡೆಯ ಕಡೆ ತೋರಿಸಿದಳು.

"ಫೋನ್ ಎತ್ತಿ ಅಂತ ಅದರಲ್ಲಿ ಬರೆದಿರಲಿಲ್ವಲ್ಲೋ. ಕೂತ್ಕೊಳ್ಳಿ ಅಂತ ಬರೆದಿತ್ತು, ಕೂತೆ." ಮತ್ತೆ ಮೆಲ್ಲಗೆ ಹೇಳಿದಳು: "ಇನ್ನೇನೂ ಮಾಡಬೇಕಿಲ್ಲ ಅಂತ ಇಷ್ಟು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ ಕಣೋ."

ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತೆ, ಪಾಠ ಓದುತ್ತಿದ್ದ ಕಾಲದಲ್ಲಿ ಕೂರುತ್ತಿದ್ದ ಹಾಗೆ. ಹೇಳಬೇಕಾದ್ದು ಎಷ್ಟೋ ಇತ್ತು. ಇಷ್ಟು ದೊಡ್ಡದನ್ನು ಒಂದೇ ಉಸಿರಿಗೆ ಬರೆಯುವುದು ನನಗೆ ಇನ್ನೂ ಬಂದಿಲ್ಲ. ಬಾಯಿಗೆ ಬಂದದ್ದು ಒಂದೇ, ಎಲ್ಲ ಕಲಿತದ್ದು ನಿನ್ನಿಂದ ಅಕ್ಕ ಎಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಕರೆಂಟು ಬರುವವರೆಗೂ ಇಬ್ಬರೂ ಏಳಲಿಲ್ಲ.